ಬನಪ್ಪ ಪ್ರೋಗ್ರಾಮ್ ಕಟ್ಟಿದ್ದು

ಕುಂದ್ರಿ, ಹೇಳ್ತೀನಿ. ನಗು ಬಂದ್ರ ನಗ್ರಿ, ನಾ ಬ್ಯಾಡ ಅನ್ನೂದಿಲ್ಲ. ಆದ್ರ ಕಡೀತನಕ ನಗ್ತೀರಿ ಅಂತ ಮಾತು ಕೊಡೂದಿಲ್ಲ.

ಗುಳೇದಗುಡ್ಡದಾಗ ಚೌಡವ್ವ ಅಂತ ಒಬ್ಬಾಕಿ ಇದ್ಲು, ಕುಪ್ಪಸದ ಖಣ ನೇಯಾಕಿ. ಆಕಿಗೆ ಒಬ್ಬನ ಮಗ, ಬನಪ್ಪ. ಮೀಸಿ ಬಂದ ಮಗ. ಮನಸು ಬಂಗಾರ, ಸುಳ್ಳು ಗೊತ್ತಿಲ್ಲ, ಸಿಟ್ಟು ಗೊತ್ತಿಲ್ಲ. ಹೇಳಿದ್ದನ್ನ ಹೇಳಿದಂಗ ಮಾಡಾಂವ, ಅದ ಅವನ ರೋಗ. ಮುಂಬಾಗಲಾ ಕಾಯಿ ಅಂದ್ರ ಮುಂಬಾಗಲಾ ಕಾಯಾಂವ, ಹಿತ್ತಲದಿಂದ ಕಳ್ಳ ಬಂದ್ರೂ ಏಳಾಂವಲ್ಲ. "ಇಂಥವನ್ನ ಕಟಗೊಂಡು ನಾ ಹೆಂಗ ಬಾಳೇ ಮಾಡ್ಲಿ" ಅಂತ ಚೌಡವ್ವ ಹಣಿ ಹಣಿ ಬಡ್ಕೊಂತಿದ್ಲು.

ಆಕಿ ಗಂಡ ಸಂಕಪ್ಪ ಕಂಪ್ಯೂಟರಿನ ಮ್ಯಾಲ ಖಣದ ನಕಾಶಿ ಬರಿಯಾಂವ. ಊರ ಸಾಲಿ ಇರಪಣ್ಣ ಮಾಸ್ತರು ಅವಂಗ ಕಂಪ್ಯೂಟರ್ ನಡಸೂ ಲಿನಕ್ಸ್ ಹಾಕಿಕೊಟ್ಟು, ನಕಾಶಿ ಬರಿಯೂ ಒಂದು ಪುಕ್ಕಟೆ ಪ್ರೋಗ್ರಾಮ್ ಕಲಿಸಿಕೊಟ್ಟಿದ್ರು. ಸಂಕಪ್ಪ ಕಡೀಗೆ ಹೆಂಡತಿಗಂತ ಒಂದು ನಕಾಶಿ ಬರದ. ಎರಡು ಹಕ್ಕಿ. "ತಲಿ ಬಗ್ಗಿಸಿದ್ದು ನೀನು, ಮಗ್ಗದ ಮ್ಯಾಲ. ಅದನ್ನ ನೋಡ್ಕೋತ ಕುಂತದ್ದು ನಾನು. ಊರಿಗೆಲ್ಲ ಖಣ ನೇಯ್ದಿ, ಇದು ನಿನಗ" ಅಂದ. ಮಗ್ಗಕ್ಕ ಏರಸೂದರೊಳಗ ಅಂವ ತೀರಿಕೊಂಡ.

ಆಮ್ಯಾಲ ಕಂಪ್ಯೂಟರ್ ಕೆಟ್ತು. ಮಾಸ್ತರು ಹೊಸಾ ಲಿನಕ್ಸ್ ಹಾಕಿದ್ರು. ನಕಾಶಿ ಉಳೀತು, ಆದ್ರ ಅದನ್ನ ತೆರಿಯೂ ಪ್ರೋಗ್ರಾಮ್ ಹೊಸಾ ಲಿನಕ್ಸಿಗೆ ಸಿದ್ಧ ಸಿಗಲಿಲ್ಲ. ಅಷ್ಟ್ರಾಗ ಮಾಸ್ತರಿಗೆ ಬೀದರಿಗೆ ವರ್ಗ ಆತು. ಇತ್ತಾಗ ಚೌಡವ್ವನ ಕಣ್ಣು ದಿನಾ ದಿನಾ ಮಬ್ಬಾಗಾಕತ್ತಿದ್ವು, ಡಾಕ್ಟ್ರು ಕೈ ಚೆಲ್ಲಿದ್ರು. ಪೂರಾ ಕತ್ತಲಾಗೂದರೊಳಗ ಆ ಖಣ ನೇಯಬೇಕು. ಆಕಿಗೆ ಇದ್ದದ್ದು ಅದೊಂದ ಆಸಿ.

ಮಾಸ್ತರು ಫೋನಿನಾಗ ಬನಪ್ಪಗ ಹೇಳಿದ್ರು: "ಬಟ್ಟಿ ಸಿಗೂದಿಲ್ಲಪಾ, ನೂಲು ಸಿಗ್ತೈತಿ. ಪ್ರೋಗ್ರಾಮಿನ ಸೋರ್ಸ್ ಕೋಡ್ ಇಳಿಸಿಕೊಂಡು ನಾವ ಕಟ್ಟಬೇಕು. ನಾ ಹೇಳಿದ ಸಾಲು ಕಂಪ್ಯೂಟರಿನಾಗ ಟೈಪ್ ಹೊಡಿ. ಅದು ಕೆಲಸ ಮಾಡೂ ಮುಂದ ಏನೂ ಮುಟ್ಟಬ್ಯಾಡ."

ಬನಪ್ಪ ಸಾಲು ಹೊಡದ, ಕೈ ಕಟಗೊಂಡು ಕುಂತ. ಮುಂಜಾನೆ ಕುಂತಾಂವ ಸಂಜೀತನಕ ಕುಂತ. ಚೌಡವ್ವ ಬಂದು ಕೇಳಿದ್ಲು, "ಆತೇನೋ?"

"ಇಲ್ಲ ಬೇ. 'ಮುಂದುವರಿಸ್ಲೇನು, ಹೌದೋ ಅಲ್ಲೋ' ಅಂತ ಮುಂಜಾನಿಂದ ಕೇಳಾಕತ್ತೈತಿ."

"ಮತ್ತ ಹೌದು ಅನ್ನಬಾರದೇನು?"

"ಏನೂ ಮುಟ್ಟಬ್ಯಾಡ ಅಂದಾರ ಮಾಸ್ತರು."

"ನಿನ್ನ ತಲ್ಯಾಗ ಏನು ತುಂಬೈತೋ ತಮ್ಮಾ! ಅದು ಏನ ಕೇಳಿದ್ರೂ ಹೌದು ಅನ್ನು."

"ಆತು ಬೇ, ಇನ್ನ ಹಂಗ ಮಾಡ್ತೀನಿ."

ಹಂಗ ಮಾಡಿದ. ಅದು ಕೇಳಿದ್ದಕ್ಕೆಲ್ಲ ಹೌದು ಅಂದ. ಒಂದು ಸಾಮಾನು ಬೇಕು, ತರ್ಲೇನು ಅಂತು, ಹೌದು ಅಂದ. ಅದು ಬರಬೇಕಂದ್ರ ಇಲ್ಲಿರೂ ಇಷ್ಟು ಸಾಮಾನು ಹೊರಗ ಹಾಕಬೇಕು, ಹಾಕ್ಲೇನು ಅಂತು. ಅದಕ್ಕೂ ಹೌದು ಅಂದ. ಪರದೆ ಮ್ಯಾಲಿನ ಕಿಟಕಿ ಹೋತು, ಚಿತ್ರ ಹೋತು, ಮೌಸಿನ ಬಾಣ ಹೋತು. ಕರೇ ಪರದೆ ಮ್ಯಾಲ ನಾಕು ಅಕ್ಷರ ಉಳದ್ವು.

ಚೌಡವ್ವ ಎದಿ ಹಿಡಕೊಂಡು ಕುಂತ್ಲು. "ಮನಿ ಕಿತ್ತು ಒಯ್ಲೇನು ಅಂದ್ರೂ ಹೌದು ಅಂತೀಯೇನೋ? ನಿಮ್ಮಪ್ಪ ಬರದದ್ದು ಹೋತೇನು?"

ಹೋಗಿರಲಿಲ್ಲ. ಮಾಸ್ತರು ಪಾಪ, ಫೋನಿನಾಗ ಒಂದೊಂದ ಸಾಲು ಹೇಳಿ ಎಲ್ಲಾ ತಿರುಗಿ ಹಾಕಿಸಿದ್ರು. ಚೌಡವ್ವ ಮಗನ್ನ ಕೂಡ್ರಿಸಿಕೊಂಡು ಹೇಳಿದ್ಲು, "ಹಿಂಗ ನನ್ನ ಜೀವಾ ತಿನಬ್ಯಾಡ. ಏನ ಮಾಡೂ ಮುಂದ ಮೊದಲ ಎಲ್ಲಾದರದೂ ಒಂದು ಕಾಪಿ ತಗದಿಡು."

"ಆತು ಬೇ, ಇನ್ನ ಹಂಗ ಮಾಡ್ತೀನಿ."

ಹಂಗ ಮಾಡಿದ. ಒಂದು ಸಾಲು ಹೊಡಿಯೂ ಮುಂದ ಎಲ್ಲಾದರದೂ ಕಾಪಿ. ಮತ್ತೊಂದು ಸಾಲು ಹೊಡಿಯೂ ಮುಂದ ಆ ಕಾಪಿದೂ ಕಾಪಿ. ಪ್ರೋಗ್ರಾಮ್ ಅರ್ಧಾ ಕಟ್ಟಿತ್ತು, ಅಷ್ಟ್ರಾಗ ಜಾಗಾ ಇಲ್ಲ ಅಂತ ಕಂಪ್ಯೂಟರ್ ನಿಂತಬಿಡ್ತು.

ಚೌಡವ್ವಗ ಆ ಹೊತ್ತಿಗೆ ಮಗ್ಗದ ಎಳಿ ಕೈಲೆ ಸವರಿ ನೋಡೂ ಹಂಗ ಆಗಿತ್ತು. ಸಿಟ್ಟಿನಕಿಂತ ಅಳುನ ಜಾಸ್ತಿ ಬಂತು. "ಬೆಳಕ ಹೊಂಟೈತೋ ನನ್ನ ಕಣ್ಣಾಗಿಂದು. ನೀ ಕಾಪಿ ತಕ್ಕೋತ ಕುಂತಿ. ಒಂದರಂಗ ಎರಡು ಕಂಡ್ರ, ಒಂದ ಇಟ್ಟು ಇನ್ನೊಂದು ಅಳಸು."

"ಆತು ಬೇ, ಇನ್ನ ಹಂಗ ಮಾಡ್ತೀನಿ."

ಹಂಗ ಮಾಡಿದ. ಜಾಗಾ ಆತು. ಪರದೆ ಮ್ಯಾಲ ಅಕ್ಷರ ಸಾಲುಗಟ್ಟಿ ಓಡಿದ್ವು, ಎಲ್ಲೂ ನಿಲ್ಲಲಿಲ್ಲ. ಪ್ರೋಗ್ರಾಮ್ ಕಟ್ಟಿತು ನೋಡ್ರಿ. ಯಾರೂ ನಂಬೂದಿಲ್ಲ, ಆದ್ರ ಬನಪ್ಪ ಕಟ್ಟಿದ.

"ಅವ್ವಾ ಬಾ, ಅಪ್ಪಂದು ತೆರೀತು" ಅಂದ. ಚೌಡವ್ವ ಹಿಟ್ಟಿನ ಕೈ ಸೆರಗಿಗೆ ಒರಸ್ಕೋತ ಓಡಿ ಬಂದು ಪರದೆಗೆ ಮಾರಿ ಹಚ್ಚಿ ನೋಡಿದ್ಲು. ತಲಿ ಬಗ್ಗಿಸಿದ ಹಕ್ಕಿ ಇತ್ತು. ಬಾಜೂಕ ಖಾಲಿ.

"ಇನ್ನೊಂದು ಎಲ್ಲೋ?"

"ಒಂದರಂಗ ಎರಡು ಇದ್ವು ಬೇ. ಒಂದ ಇಟ್ಟು ಅಳಿಸೀನಿ. ಸೇವೂ ಮಾಡೀನಿ."

"ಕಾಪಿ ತಗದಿಟ್ಟಿದ್ದಿಲ್ಲ?"

"ಅದೂ ಇದರಂಗ ಇತ್ತಲ್ಲ. ಅದನ್ನ ಮೊದಲ ಅಳಿಸಿದೆ."

ಚೌಡವ್ವ ಕೈ ಎತ್ತಿದ್ಲು. ಎತ್ತಿದ ಕೈ ಹಂಗ ಇಳಿಸಿದ್ಲು. ಮಾಸ್ತರಿಗೆ ಫೋನ್ ಹಚ್ಚಿಸಿದ್ಲು. ಅವರು ಎಲ್ಲಾ ಕೇಳಿ, "ಅದು ತಿರುಗಿ ಬರೂದಿಲ್ಲವ್ವಾ. ಬೇಕಾದ್ರ ಯಾರ ಕಡಿಂದರ ಇನ್ನೊಂದು ಬರಸೂನು" ಅಂದ್ರು.

"ಬ್ಯಾಡ್ರಿ. ಬ್ಯಾರೇದವರು ಬರದ್ರ ಅದು ಅವರ ಹಕ್ಕಿ ಆಗ್ತೈತಿ" ಅಂದ್ಲು ಚೌಡವ್ವ. ಅವತ್ತು ಆ ಮನ್ಯಾಗ ಒಲಿ ಹಚ್ಚಲಿಲ್ಲ. ಆಕಿ ಅತ್ಲು, ಆಕಿ ಅಳೂದು ನೋಡಿ ಬನಪ್ಪನೂ ಅತ್ತ, ಯಾಕಂತ ಅವಂಗ ತಿಳೀಲಿಲ್ಲ.

ನಾಕು ದಿನದ ಮ್ಯಾಲ ಒಂಟಿ ಹಕ್ಕಿನ್ನ ಹಂಗ, ಮಗ್ಗಕ್ಕ ನಕಾಶಿ ಹೇಳೂ ರಟ್ಟಿಗೆ ತೂತು ಹೊಡಸಿ ಏರಿಸಿದ್ಲು. ನೇಯಾಕ ಕುಂದ್ರೂ ಮುಂದ ಮಗನ್ನ ಕರದ್ಲು. "ನಿನಗ ಹೇಳೂ ಬುದ್ಧಿ ನನ್ನ ಹತ್ರ ಉಳದಿಲ್ಲಪಾ. ಅಲ್ಲೆ ಕುಂದ್ರು. ಏನೂ ಮುಟ್ಟಬ್ಯಾಡ. ನನ್ನ ನೋಡ್ಕೋತ ಕುಂದ್ರು, ಅಷ್ಟ."

"ಆತು ಬೇ" ಅಂದ ಬನಪ್ಪ.

ಮಗ್ಗದ ಸಪ್ಪಳದಾಗ ಆಕಿಗೆ ಹೊತ್ತು ಹೋದದ್ದು ತಿಳೀಲಿಲ್ಲ. ಒಮ್ಮಿಗಲೆ ಮೂಗಿಗೆ ಸೀದ ವಾಸನಿ ಬಡೀತು. ಮನಿ ತುಂಬ ಹೊಗಿ. ಒಲಿ ಬನಪ್ಪನ ಮಗ್ಗಲದಾಗ ಇತ್ತು, ಒಲಿ ಮ್ಯಾಲ ಆಕಿ ಇಟ್ಟು ಮರತ ಅನ್ನ.

"ಅನ್ನ ಹೊತ್ತಾಕತ್ತೈತಿ, ಇಳಸಬಾರದೇನೋ?"

"ಏನೂ ಮುಟ್ಟಬ್ಯಾಡ ಅಂದಿ. ನನ್ನ ನೋಡ್ಕೋತ ಕುಂದ್ರು ಅಂದಿ."

ಚೌಡವ್ವ ಬೈಯಾಕ ಬಾಯಿ ತಗದು ಅತ್ತಾಗ ಹೊಳ್ಳಿದ್ಲು. ಹೊಗಿಯೊಳಗ ಬನಪ್ಪ ಕುತ್ತಿಗಿ ಇತ್ತಾಗ ಹೊಳ್ಳಿಸಿ, ರೆಪ್ಪಿ ಬಡೀದ, ಕಣ್ಣಾಗ ನೀರ ಸುರಿಸ್ಕೋತ ಆಕಿನ್ನ ನೋಡ್ಕೋತ ಕುಂತಿದ್ದ. ಆಕಿ ಮಬ್ಬುಗಣ್ಣಿಗೆ ಅಳಿಸಿಹೋದ ಹಕ್ಕಿ ಕುಂತಂಗ ಕಾಣ್ತು.

"ಹಂಗ ಕುಂದ್ರಪಾ" ಅಂದ್ಲು. ತಲಿ ಬಗ್ಗಿಸಿ ಮತ್ತ ಲಾಳಿ ಒಗದ್ಲು.

ಅಂವ ಕುಂತ. ಅನ್ನ ಪೂರಾ ಕರಕಾತು, ಇಬ್ರೂ ಏಳಲಿಲ್ಲ.