ಐದು ದಿನ ನೆನೆದ ಬೇರು

ವತ್ಸನಾಭಿ ಅಂದರೆ ಹುಡುಗಾಟವಲ್ಲ. ಹಿಮಾಲಯದ ಆಚೆ ಚೀನಾದ ವೈದ್ಯರೂ ಈಚೆ ನಮ್ಮ ಪಂಡಿತರೂ ಅಂಜಿ ಅಂಜಿಯೇ ಮುಟ್ಟುವ ಬೇರು ಅದು. ಹಸಿಯಾಗಿ ತಿಂದವನು ಮತ್ತೆ ಎದ್ದು ಕೂತದ್ದನ್ನು ಯಾರೂ ಕಂಡಿಲ್ಲ. ಶುದ್ಧಿ ಮಾಡಿದರೆ ಅದೇ ಜ್ವರಕ್ಕೆ ಮದ್ದು.

ಹೊಳೆದಂಡೆಯ ಆಶ್ರಮದಲ್ಲಿ ಗುರು ಮರುಳಯ್ಯನವರು ಒಂದು ಕಟ್ಟುಪಾಡು ಇಟ್ಟಿದ್ದರು. ಬೇರು ಶುದ್ಧಿ ಮಾಡಿದವನೇ ಮೊದಲು ಅದರ ಚೂರನ್ನು ತನ್ನ ನಾಲಿಗೆಯ ಮೇಲೆ ಇಟ್ಟುಕೊಳ್ಳಬೇಕು. ನಾಲಿಗೆ ಮರಗಟ್ಟಿತೋ, ವಿಷ ಉಳಿದಿದೆ. ತುಸು ಚುರುಗುಟ್ಟಿ ನಿಂತಿತೋ, ಮದ್ದು ಆಗಿದೆ.

ಅಲ್ಲಿಯವರೆಗೂ ನಾಲಿಗೆ ಒಡ್ಡಿದವರು ಗುರುಗಳೇ. ಒಮ್ಮೆ ಅವರು ಹತ್ತು ದಿನ ಪರ ಊರಿಗೆ ಹೋಗಬೇಕಾಯಿತು. ಅಂಬಿಗರ ದುರುಗಪ್ಪ ಆಗಷ್ಟೇ ಜ್ವರ ಬಂದು ಮಲಗಿದ್ದ.

ಶಿಷ್ಯ ಸೋಮಲಿಂಗನ ಕೈಗೆ ಬೇರು ಕೊಟ್ಟು ಗುರುಗಳು ಹೇಳಿದರು: "ಮೂರು ದಿನ ನೆನೆಸು. ಹಾಲಲ್ಲಿ ಒಂದು ಸಲ ಬೇಯಿಸು. ನಾಲಿಗೆಗೆ ಇಟ್ಟು ನೋಡಿ ದುರುಗಪ್ಪನಿಗೆ ಕೊಡು."

ಅವರು ಮರಳಿ ಬಂದಾಗ ದುರುಗಪ್ಪನ ಹೆಂಡತಿ ಹನುಮವ್ವ ಆಶ್ರಮದ ಜಗಲಿಯ ಮೇಲೆ ಕೂತಿದ್ದಳು.

"ಅಯ್ನೋರೆ, ನಿಮ್ಮ ಶಿಷ್ಯರು ಕೊಟ್ಟ ಮದ್ದು ಕುಡಿಸಿ ನಾಲ್ಕು ದಿನ ಆಯ್ತು. ಜ್ವರ ಒಂಚೂರೂ ಇಳಿದಿಲ್ಲ. ನಿನ್ನೆಯಿಂದ ಅವರಿಗೆ ನನ್ನ ಗುರುತೇ ಸಿಕ್ತಿಲ್ಲ."

ಗುರುಗಳು ಒಳಗೆ ಹೋಗಿ ಉಳಿದಿದ್ದ ಬೇರಿನ ಚೂರೊಂದನ್ನು ಬಾಯಿಗೆ ಹಾಕಿಕೊಂಡರು. ಅಗಿದರು. ನುಂಗಿಯೇ ಬಿಟ್ಟರು.

"ಅಯ್ಯೋ ಗುರುಗಳೇ!" ಎಂದ ಸೋಮಲಿಂಗ.

"ಯಾಕೆ ಕೂಗ್ತೀಯ? ಸೌತೆಕಾಯಿ ಸಿಪ್ಪೆಗೂ ಇದಕ್ಕಿಂತ ಖಾರ ಇರುತ್ತೆ. ವಿಷದ ಜೊತೆ ಮದ್ದೂ ತೊಳೆದುಹೋಗಿದೆ. ಎಷ್ಟು ದಿನ ನೆನೆಸಿದೆ?"

"ಐದು ದಿನ."

"ಹಾಲಲ್ಲಿ?"

"ಮೂರು ಸಲ ಬೇಯಿಸಿದೆ."

"ಯಾಕಪ್ಪಾ?"

"ಏನಾದರೂ ಹೆಚ್ಚುಕಮ್ಮಿ ಆದೀತು ಅಂತ..."

"ಯಾರಿಗೆ?"

ಸೋಮಲಿಂಗ ನೆಲ ನೋಡಿದ.

"ನನಗೆ" ಎಂದ. "ನಾಲಿಗೆಗೆ ಇಟ್ಟರೆ ಸತ್ತೇ ಹೋಗ್ತೀನೇನೋ ಅಂತ ಹೆದರಿದೆ."

ಹನುಮವ್ವ ತಲೆಯೆತ್ತಿ ಅವನನ್ನೇ ನೋಡಿದಳು. ಬೈಯಲಿಲ್ಲ. ಎರಡು ಮಾತು ಬೈದುಬಿಟ್ಟಿದ್ದರೆ ವಾಸಿಯಿತ್ತು ಅನ್ನಿಸಿತು ಅವನಿಗೆ. ಅಷ್ಟು ನಾಚಿಕೆಯಾಗಿತ್ತು.

"ಬೇರೆ ಬೇರು ನೆನೆಹಾಕಿದ್ದೀಯಾ?" ಎಂದರು ಗುರುಗಳು.

"ಹಾಕಿದ್ದೀನಿ. ಜ್ವರ ಇಳೀಲಿಲ್ಲ ಅಂತ ತಿಳಿದ ದಿನವೇ. ಇವತ್ತಿಗೆ ಮೂರು ದಿನ ತುಂಬಿತು."

"ಒಲೆ ಹಚ್ಚು."

ಅಷ್ಟು ಹೇಳಿ ಗುರುಗಳು ಬೆನ್ನು ತಿರುಗಿಸಿ ಮೆಟ್ಟಿಲ ಮೇಲೆ ಕೂತರು.

"ನೀವು ನೋಡೋದಿಲ್ಲವೇ?"

"ನಾನು ಹೊಳೆ ನೋಡ್ತಿದ್ದೀನಿ."

ಹಾಲು ಕುದಿಯಿತು, ಬೇರು ಬೆಂದಿತು. ಸೋಮಲಿಂಗ ಅದನ್ನು ತೆಗೆದು ತೊಳೆದ. ಕೈ ತನ್ನಷ್ಟಕ್ಕೆ ಮತ್ತೆ ಹಾಲಿನ ಚೊಂಬಿನ ಕಡೆ ಹೋಯಿತು. ಹಿಂದಕ್ಕೆ ತೆಗೆದುಕೊಂಡ.

ಚೂರು ಕತ್ತರಿಸಿ ನಾಲಿಗೆಯ ಮೇಲಿಟ್ಟ. ನಾಲಿಗೆಯ ತುದಿ ಚುರುಗುಟ್ಟಿತು. ಚುರುಕು ಸ್ವಲ್ಪ ಒಳಕ್ಕೆ ಹರಿಯಿತು. ಅಲ್ಲಿಗೇ ನಿಂತಿತು.

"ನಿಂತಿತು, ಗುರುಗಳೇ."

"ಹಾಗಾದರೆ ಅರೆದುಕೊಂಡು ಹೊರಡು. ಈ ಸಲ ನಿನ್ನ ಕೈಯಾರೆ ಕುಡಿಸು. ಅವನು ಕಣ್ಣು ಬಿಡೋವರೆಗೂ ಪಕ್ಕದಲ್ಲೇ ಕೂತಿರು."

ಹನುಮವ್ವ ಆಗಲೇ ಎದ್ದು ನಾಲ್ಕು ಹೆಜ್ಜೆ ಮುಂದೆ ಹೋಗಿದ್ದಳು. ಸೋಮಲಿಂಗ ಬಟ್ಟಲು ಹಿಡಿದು ಮೆಟ್ಟಿಲ ಬಳಿ ನಿಂತ.

"ಗುರುಗಳೇ, ಹೆದರಿಕೆ ಇನ್ನೂ ಹೋಗಿಲ್ಲ."

ಗುರುಗಳು ಹೊಳೆಯಿಂದ ಕಣ್ಣು ತೆಗೆಯಲಿಲ್ಲ.

"ಅದನ್ನೂ ಪೂರ್ತಿ ತೊಳೀಬೇಡ. ಬೇರಿನಲ್ಲಿ ಚುರುಕು ಉಳಿಸಿದೆಯಲ್ಲ, ಅಷ್ಟು ಇರಲಿ."