ಹತ್ತು ಹೆಜ್ಜೆಯ ಹಾಟ್‌ಸ್ಪಾಟ್

ದಾವಣಗೆರೆಯ ಕ್ಲಬ್ಬಿನ ನಲವತ್ತು ಜನ ಸ್ವಿಟ್ಜರ್ಲೆಂಡಿಗೆ ಹೋದರು, ಅಡುಗೆಯ ತಿಪ್ಪಣ್ಣನನ್ನೂ ಕಟ್ಟಿಕೊಂಡು. ಅಲ್ಲಿಯ ಸಿಮ್ ಹಾಕಿಸಿಕೊಂಡಿದ್ದವನು ಅವನೊಬ್ಬನೇ. ಅಧ್ಯಕ್ಷ ಚೆನ್ನವೀರಪ್ಪನವರ ಘನತೆ ಬೆಟ್ಟದಷ್ಟಿತ್ತು, ಫೋನಿನಲ್ಲಿ ನೆಟ್ ಮಾತ್ರ ಇರಲಿಲ್ಲ.

"ನಿನ್ನ ಫೋನ್ ಕೊಡೋ. ಪ್ರವಾಸ ಮುಗಿಯೋವರೆಗೂ ನನ್ ಹತ್ರ ಇರಲಿ."

ಊರಲ್ಲಿ ತಿಪ್ಪಣ್ಣನ ಮಗಳಿಗೆ ದಿನ ತುಂಬಿತ್ತು. ಫೋನ್ ಕೊಟ್ಟರೆ ಹೆರಿಗೆಯ ಸುದ್ದಿಯೂ ಇಲ್ಲ.

"ಹಾಟ್‌ಸ್ಪಾಟ್ ಕೊಡ್ತೀನಿ ಸಾಹೇಬ್ರೇ. ನನ್ನಿಂದ ಹತ್ತು ಹೆಜ್ಜೆ ದಾಟಿದ್ರೆ ಸಿಗಲ್ಲ, ನಾನು ಒಲೆ ಬಿಟ್ಟು ಬರಂಗಿಲ್ಲ."

ಅಧ್ಯಕ್ಷರು ಅಡುಗೆಮನೆಗೇ ಬಂದು ಕೂತರು.

"ಸುಮ್ನೆ ಕೂತ್ರೆ ಥಂಡಿ ಹತ್ತುತ್ತೆ" ಎಂದು ತಿಪ್ಪಣ್ಣ ಈರುಳ್ಳಿ ಬುಟ್ಟಿ ಮುಂದಿಟ್ಟ. ನೆಟ್ಟಿನಾಸೆಗೆ ಅವರು ಮೂರು ದಿನ ನಲವತ್ತು ಜನರ ಈರುಳ್ಳಿ ಸುಲಿದರು.

ಕೊನೆಗೆ ವಿಡಿಯೊ ಕಾಲಿನಲ್ಲಿ ಹೆಂಡತಿಗೆ ಕಿಟಕಿಯಾಚೆಯ ಹಿಮ ತೋರಿಸಿದರು. ಆಕೆ ನೋಡಿದ್ದು ಕೈಲಿದ್ದ ಈರುಳ್ಳಿಯನ್ನು.

"ನಿಧಾನ ಬರ್ರಿ. ಅಷ್ಟರಲ್ಲಿ ನಮ್ಮನೆ ವೈಫೈ ಡಬ್ಬೀನೂ ಅಡುಗೆಮನೆಗೆ ಹಾಕಿಸಿರ್ತೀನಿ."