ಅತ್ತೆ ಕಾಲದ ಹೆಪ್ಪು

“ಕಾಸಿಲ್ಲದೆ ಸಿಗೋದನ್ನ ನಂಬ್ಕೊಂಡು ಇಷ್ಟು ದೊಡ್ಡ ವ್ಯಾಪಾರ ನಡೆಸಕ್ಕಾಗುತ್ತಾ ಅಕ್ಕಾ?” ಅಂತ ವಿಮಲಾಕ್ಷಿ ಕೇಳಿದ್ಲು.

ಅವಳದ್ದು ಹುಣಸೆಹಣ್ಣಿನ ಕೋಲ್ಡ್ ಸ್ಟೋರೇಜು. ಯಾರ ಮೂಟೆ ಯಾವ ರೂಮಲ್ಲಿದೆ, ರೂಮು ಎಷ್ಟು ತಣ್ಣಗಿದೆ, ಎಲ್ಲಾ ಅಲ್ಲಿರೋ ಸರ್ವರ್‌ಗೇ ಗೊತ್ತು. ಅದು ಮಲಗಿದ್ರೆ ಊರಿನ ಹಣ್ಣೆಲ್ಲಾ ಕರ್ರಗಾಗುತ್ತೆ. ಕಂಪ್ಯೂಟರಿನವನು ಅದಕ್ಕೆ ಲಿನಕ್ಸ್ ಅನ್ನೋ ಸಾಫ್ಟ್‌ವೇರ್ ಹಾಕ್ತೀನಿ, ಕಾಸು ಬೇಡ, ಒಳಗೇನಿದೆ ಅಂತ ಯಾರು ಬೇಕಾದ್ರೂ ಬಿಚ್ಚಿ ನೋಡ್ಬೋದು, ತಿದ್ಬೋದು ಅಂದಿದ್ದ. ಮೈದುನ ಕೇಳಿ ನಗಾಡಿದ್ದ. ಬೆಳಿಗ್ಗೆ ಅವಳು ಹೂಂ ಅನ್ಬೇಕು, ಇಲ್ಲಾ ಊಹೂಂ ಅನ್ಬೇಕು.

ಸೊಪ್ಪು ಸೋಸ್ತಿದ್ದ ಪಕ್ಕದ್ಮನೆ ಸಿದ್ದಗಂಗಕ್ಕ ಬಾಗಿಲ ಕಡೆ ಒಂದ್ಸಲ ನೋಡಿದ್ಲು. “ಯಾರ ಹತ್ರಾನೂ ಬಾಯಿ ಬಿಡಲ್ಲ ಅಂತ ಆ ಅಕ್ಕಿ ಡಬ್ಬ ಮುಟ್ಟು” ಅಂದ್ಲು. ವಿಮಲಾಕ್ಷಿ ಮುಟ್ಟಿದ್ಲು. ಅಕ್ಕ ಶುರು ಹಚ್ಕೊಂಡ್ಲು.

ಒಬ್ಳು ಮೊಸರಿನವಳಿದ್ಲು. ಹೆಸರು ಬೇಡ. ಹೋಟೆಲಿಗೆ, ಛತ್ರಕ್ಕೆ, ಬೀದಿಗೆಲ್ಲಾ ಅವಳದೇ ಮೊಸರು. ಹೆಪ್ಪು ಅವಳ ಅತ್ತೆ ಕಾಲದ್ದು. ಹೆಪ್ಪಿಗೆ ಯಾರು ಕಾಸು ಇಸ್ಕೋತಾರೆ? ಕೇಳಿದೋರಿಗೆ ಒಂದು ಚಮಚ ಕೊಡೋದು, ನಮ್ದು ಕೆಟ್ರೆ ಅವರ ಮನೆಯಿಂದ ತರೋದು.

ಒಂದಿನ ಹೆಪ್ಪಿನ ಪುಡಿ ಮಾರೋ ಕಂಪನಿಯವನು ಬಂದ. “ಏನಮ್ಮಾ, ಇಂಥಾ ವ್ಯಾಪಾರಾನ ಬಿಟ್ಟಿ ಹೆಪ್ಪಿನ ಮೇಲೆ ನಿಲ್ಸಿದ್ದೀರಲ್ಲ” ಅಂದ. ಅವಳಿಗೆ ನಾಚಿಕೆ ಆಯ್ತು. ಹೆಪ್ಪಿನ ಗಡಿಗೆ ತೊಳೆದು ಬೋರಲು ಹಾಕಿ ಅವನ ಪುಡಿ ಪಾಕೀಟು ತಗೊಂಡ್ಲು. ಮೊಸರು ಕಲ್ಲಿನ ಹಂಗೆ ನಿಲ್ತಿತ್ತು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಆ ಮೊಸರನ್ನೇ ಮಾರನೇ ದಿನ ಹೆಪ್ಪಿಗೆ ಹಾಕಿದ್ರೆ ಬರೀ ಲೋಳೆ. ದಿನಾ ಹೊಸ ಪಾಕೀಟೇ ಆಗ್ಬೇಕು. ಅದರೊಳಗೇನಿದೆ ಅಂದ್ರೆ ಕಂಪನಿಯವರು ಹೇಳ್ತಿರ್ಲಿಲ್ಲ.

ಒಂದು ಮದುವೆ ಹಿಂದಿನ ದಿನ ಪಾಕೀಟು ಬರ್ಲಿಲ್ಲ. ಫೋನ್ ಮಾಡಿದ್ರೆ ಆ ಪುಡಿ ಮಾಡೋದು ನಿಲ್ಸಿದ್ದೀವಿ ಅಂದ್ರು. ನಲವತ್ತು ಲೀಟರ್ ಹಾಲು ಕಾಯ್ಸಿ ಆರಿಸಿಟ್ಟಿದ್ಲು. ಬೀದೀಲಿ ಯಾರ ಮನೇಲಿ ಕೇಳಿದ್ರೂ ಅವಳ ಪಾಕೀಟಿನ ಮೊಸರೇ. ದೀಪ ಹಚ್ಚಿದ ಮೇಲೆ ಹೆಪ್ಪು ಯಾರೂ ಕೊಡಲ್ಲ. ಹೊತ್ತು ಇಳೀತಾ ಇತ್ತು.

ಆಗ ಹೂ ಕಟ್ಟೋಳ ನೆನಪಾಯ್ತು. ಹಿಂದೆ ಅವಳಿಗೆ ಒಂದು ಚಮಚ ಹೆಪ್ಪು ಕೊಟ್ಟಿದ್ಲು. ಆಮೇಲೆ ಚರಂಡಿ ನೀರಿಗೆ ಜಗಳ ಬಿದ್ದು ಮಾತು ನಿಂತಿತ್ತು. ಆ ಹಠಕ್ಕೆ ಬೀದೀಲಿ ಇವಳ ಮೊಸರು ಕೊಳ್ಳದೇ ಇದ್ದೋಳು ಅವಳೊಬ್ಳೇ. ಮೊಸರಿನವಳು ಹೋಗಲ್ಲ ಅಂತ ಕೂತ್ಲು. ಮತ್ತೆ ಎದ್ಲು. ಮಾನ ಹೋದ್ರೆ ಹೋಗ್ಲಿ, ಮದುವೆ ಪಂಕ್ತಿ ಮೊಸರಿಲ್ದೆ ಏಳ್ಬಾರ್ದು ಅಂತ ಸೆರಗು ಸಿಗಿಸ್ಕೊಂಡು ಹೊರಟೇಬಿಟ್ಲು.

“ಏನಮ್ಮಾ ಅಪರೂಪ? ಪಾಕೀಟು ಮುಗೀತಾ?”

“ಮುಗೀತು. ನಮ್ಮತ್ತೆ ಹೆಪ್ಪು ಕೊಡೇ.”

“ನಿಮ್ಮತ್ತೇದಾ? ಇಷ್ಟು ವರ್ಷ ದಿನಾ ಹಾಲು ಕಾಯ್ಸಿ ಸಾಕಿದ್ದು ನಾನು” ಅಂತ ಹೂ ಕಟ್ಟೋಳು ಒಳಗೆ ಹೋಗಿ ಒಂದು ಚೊಂಬು ತುಂಬಾ ತಂದು ಕೊಟ್ಲು.

ಮದುವೆ ಊಟ ಆಯ್ತು. ಮಾರನೇ ದಿನ ಮೊಸರಿನವಳು ಏಳು ಮನೆಗೆ ತಾನೇ ಹೋಗಿ ಹೆಪ್ಪು ಹಂಚಿದ್ಲು. ಕೇಳ್ದೇ ಇದ್ದೋರಿಗೂ ಕೊಟ್ಲು.

“ಹಂಗಾದ್ರೆ ಲಿನಕ್ಸೇ ಹಾಕು ಅಂತೀನಿ. ಕಾಸೂ ಉಳೀತು, ತಲೆನೋವೂ ತಪ್ತು” ಅಂತ ವಿಮಲಾಕ್ಷಿ ಎದ್ಲು.

ಅಷ್ಟರಲ್ಲಿ ಬಾಗಿಲಲ್ಲಿ “ಅಕ್ಕಾ, ಮೊಸರು” ಅಂತ ಕೂಗು ಕೇಳ್ತು.

“ಅವಳೇ ಬಂದ್ಲು, ಬಾಯಿ ಮುಚ್ಕೋ” ಅಂತ ಸಿದ್ದಗಂಗಕ್ಕ ಪಾತ್ರೆಗೆ ಕೈ ಹಾಕಿದ್ಲು. ಹೋಗ್ತಾ ಹೋಗ್ತಾ ಪಿಸುಗುಟ್ಟಿದ್ಲು: “ಹೆಪ್ಪೇನೋ ಬಿಟ್ಟಿ ಸಿಗುತ್ತೆ ಕಣೇ, ನಿನ್ನ ಮನೇಲಿ ದಿನಾ ಹಾಲು ಕಾಯ್ಸೋರು ಯಾರು?”

ಎದ್ದಿದ್ದ ವಿಮಲಾಕ್ಷಿ ಮತ್ತೆ ಕೂತು ಕಂಪ್ಯೂಟರಿನವನಿಗೆ ಫೋನ್ ಮಾಡಿದ್ಲು: “ಲಿನಕ್ಸ್ ಹಾಕಿದ ಮೇಲೆ ದಿನಾ ಅದನ್ನ ನೋಡ್ಕೊಳ್ಳೋರು ಯಾರಪ್ಪಾ?”